ಉಳಿದ ನಾಲ್ಕು ವಾರದ ಮಾತ್ರೆ

ನಾನು ನರ್ಸ್. ಭಟ್ಕಳದಿಂದ ಕುಮಟೆಯವರೆಗೆ ಬಸ್ಸಿನಲ್ಲೇ ಅರ್ಧ ಆಯುಷ್ಯ ಕಳೆದವಳು. ವಾರಕ್ಕೊಮ್ಮೆ ಜೈಲಿಗೆ ಹೋಗಿ ಹೆಪಟೈಟಿಸ್ ಸಿ ಇರುವ ಕೈದಿಗಳಿಗೆ ಮಾತ್ರೆ ಕೊಟ್ಟು ಬರುವುದೂ ನನ್ನ ಕೆಲಸ. ಹನ್ನೆರಡು ವಾರ ಬಿಡದೆ ನುಂಗಿದರೆ ಹೆಚ್ಚಿನವರಿಗೆ ರೋಗ ಹೋಗಿಯೇಬಿಡುತ್ತದೆ. ಇಷ್ಟು ಸುಲಭದ್ದೂ ಪೂರ್ತಿಯಾಗದಿದ್ದರೆ ಮೈ ಉರಿಯದೆ ಇರುತ್ತದೆಯೇ?

ಮಾವಿನಕುರ್ವೆಯ ಮೀನುಗಾರನೊಬ್ಬ ಅಲ್ಲಿದ್ದ. ಕೇಸು ಇನ್ನೂ ನಡೆಯುತ್ತಿತ್ತು. ರೋಗದ ಹೆಸರು ಹೇಳಿದರೆ ಪಿಳಿಪಿಳಿ ಕಣ್ಣು ಬಿಟ್ಟ. ನನಗೆ ಬಸ್ಸಿನ ಅವಸರ. “ಕಾಮಾಲೆ ಗೊತ್ತಲ್ಲ, ಅದೇ ಜಾತಿ” ಎಂದೆ. ತಲೆಯಾಡಿಸಿದ. ಎಷ್ಟು ಚೆನ್ನಾಗಿ ತಿಳಿಸಿದೆ ಎಂದು ಬೀಗುತ್ತ ಬಸ್ಸು ಹತ್ತಿದೆ.

ಎಂಟು ವಾರ ಒಂದು ದಿನವೂ ತಪ್ಪಿಸಲಿಲ್ಲ. ಮುಂದಿನ ಸಲ ಹೋದರೆ ಆಸಾಮಿಯೇ ಇಲ್ಲ. ಜಾಮೀನಾಗಿ ವಾರವಾಗಿತ್ತು. ಉಳಿದ ನಾಲ್ಕು ವಾರದ ಮಾತ್ರೆಯ ಡಬ್ಬಿ ಮಾತ್ರ ಜೈಲಿನ ಕಪಾಟಿನಲ್ಲಿ ಕೂತಿತ್ತು.

“ಬಿಡೂಕೆ ಆರ್ಡರ್ ಬಂತು, ಬಿಟ್ವಿ. ಮಾತ್ರೆ ವಿಷ್ಯ ಅದ್ರಲ್ಲಿ ಇರ್ಲಿಲ್ಲ” ಎಂದರು ಕಾವಲಿನವರು.

ಜಗಳವಾಡಿ ಡಬ್ಬಿ ಇಸಿದುಕೊಂಡೆ. ಮರುದಿನವೇ ಮಾವಿನಕುರ್ವೆಯ ಅವನ ಮನೆಗೆ ಹೋದೆ.

ಅವನು ಜಗಲಿಯಲ್ಲಿ ಬಲೆ ಸರಿಮಾಡುತ್ತಿದ್ದ. ತಾಯಿ ಅವನ ಮುಂದೆ ಗಂಜಿ ತಂದಿಟ್ಟರು. ಉಪ್ಪಿಲ್ಲ, ನಂಜಿಕೊಳ್ಳಲು ಉಪ್ಪಿನಕಾಯಿ ಇಲ್ಲ, ಮೀನುಗಾರರ ಮನೆಯಲ್ಲಿ ಮೀನಿನ ವಾಸನೆಯೂ ಇಲ್ಲ. ಕಾಮಾಲೆಗೆ ನಾಟಿ ಔಷಧ ಕುಡಿಯುವವರ ಪಥ್ಯ ಅದು. ಮಾತ್ರೆಯ ಡಬ್ಬಿಯನ್ನು ಮುಂದೆ ಚಾಚಿದೆ.

“ಬೇರಿನ ಔಷಧ ಕುಡೂವಾಗ ಇಂಗ್ಲಿಷ್ ಮಾತ್ರೆ ತಗಳೂಕಾಗೂದಿಲ್ಲ” ಎಂದರು ತಾಯಿ.

“ತಲೆ ಕೆಟ್ಟಿದೆಯಾ ನಿಮಗೆ? ಬೇರು ಅರೆದು ಕುಡಿದರೆ ಹೋಗುವ ರೋಗವಾ ಇದು?” ಎಂದು ರೇಗಿದೆ.

ಅವರು ಸಿಟ್ಟಾಗಲಿಲ್ಲ. “ಕಾಮಾಲೆ ಅಂತ ನೀವೇ ಹೇಳಿದ್ರಂತಲ್ಲ ಸಿಸ್ಟರೇ? ಕಾಮಾಲೆಗೆ ನಾವು ಮತ್ತೆಂತ ಮಾಡೂದು?”

ಜೈಲಿನವರಿಗೆ ಬೈದದ್ದೆಲ್ಲ ನನಗೇ ತಿರುಗಿ ಬಡಿಯಿತು. ಅಲ್ಲೇ ಕೂತು ಮೊದಲಿನಿಂದ ಹೇಳಿದೆ: ರಕ್ತದಲ್ಲಿರುವ ವೈರಸ್ಸು, ಕಣ್ಣು ಹಳದಿಯಾಗದೆಯೂ ಒಳಗೊಳಗೇ ಹಾಳಾಗುವ ಯಕೃತ್ತು, ಹನ್ನೆರಡು ವಾರ ಏಕೆ ಬೇಕು ಎಂಬುದು. ಎರಡು ಬಸ್ಸು ತಪ್ಪಿದವು. ಇಷ್ಟಕ್ಕೆ ಹಿಡಿದದ್ದು ಒಂದೇ ತಾಸು. ಆ ತಾಸನ್ನು ನಾನು ಜೈಲಿನಲ್ಲೇ ಕೊಡಬಹುದಿತ್ತು.

“ಆತು, ನಾಳೆ ಡಾಕ್ಟ್ರ ಹತ್ರ ಬರ್ತೇನೆ” ಎಂದ ಅವನು. ಡಬ್ಬಿಯನ್ನು ಕೈಯಲ್ಲಿ ತಿರುಗಿಸುತ್ತ ಕೇಳಿದ: “ಈಗ ಮತ್ತೆ ಶುರು ಮಾಡಿದ್ರೆ ಹೋಗ್ತದಾ?”

ಬಿಡದೆ ನುಂಗಬೇಕಾದ ಮಾತ್ರೆ ನಿಂತು ವಾರದ ಮೇಲೆ ಒಂದು ದಿನವಾಗಿತ್ತು. “ಹೌದು ಅಂತ ನಾನು ಹೇಳಲಾರೆ, ನಾಳೆ ಡಾಕ್ಟರನ್ನೇ ಕೇಳೋಣ” ಎಂದೆ.