ಇಳಿದ ಸುದ್ದಿ ಬರುವವರೆಗೆ

ದೊಡ್ಡಮ್ಮನ ಬಲ ಅಂಗೈಯಲ್ಲಿ, ಹೆಬ್ಬೆರಳ ಬುಡಕ್ಕೆ, ಹುಣಿಸೆಬೀಜದಂತೆ ಹೊಳೆಯುವ ಒಂದು ಗಂಟು. ಹಿಡಿಸೂಡಿ ಹಿಡಿದು ಹಿಡಿದು ಆದದ್ದು. ದರ್ಬೆ ಎಂಬ ಊರಿನ ನಮ್ಮ ಮನೆಯ ಚಾವಡಿ, ಜಗಲಿ, ಅಂಗಳ ಮೂರನ್ನೂ ಗುಡಿಸದೆ ಅವರಿಗೆ ಕಾಫಿ ಇಳಿಯುತ್ತಿರಲಿಲ್ಲ. ಕಾನ್ವೆಂಟ್ ಹಾಸ್ಟೆಲಿನಿಂದ ರಜೆಗೆ ಬರುವ ನನ್ನ ಸ್ಯಾಂಡಲ್ ಗೇಟಿನಲ್ಲೇ ಕಳಚಬೇಕು. ದಟ್ ವಾಸ್ ದಿ ಲಾ.

ಅಂಥವರು ಗುಡಿಸದೆ ಇರುತ್ತಿದ್ದುದು ಮನೆಯವರು ಪ್ರಯಾಣ ಹೊರಟಾಗ ಮಾತ್ರ. ತಲುಪುವ ಮೊದಲು ಗುಡಿಸಿದರೆ ಹೋದವರ ಹೆಜ್ಜೆ ಅಳಿಸಿದ ಹಾಗೆ ಎನ್ನುತ್ತಿದ್ದರು. ದೊಡ್ಡಪ್ಪ ಬಸ್ಸಿನಲ್ಲಿ ಮಂಗಳೂರಿಗೆ ಹೋದರೆ ಮಧ್ಯಾಹ್ನದೊಳಗೆ ಆ ಕಟ್ಟು ಮುಗಿಯುತ್ತಿತ್ತು.

ಅರವತ್ತರ ದಶಕದ ಆರಂಭದಲ್ಲಿ ಅವರ ಒಬ್ಬಳೇ ಮಗಳು, ನನ್ನ ಅಕ್ಕ, ಗಂಡನಿದ್ದ ನೈರೋಬಿಗೆ ಬೊಂಬಾಯಿಯಿಂದ ವಿಮಾನ ಹತ್ತಿದಳು. ನಾನು ಅಟ್ಲಾಸ್ ಬಿಡಿಸಿ ಕೂತೆ.

"ಎಷ್ಟು ದೂರ ಉಂಟು?"

"ಎರಡು ಸಾವಿರದ ಎಂಟುನೂರು ಮೈಲಿ. ನಡುವೆ ಏಡನ್‌ನಲ್ಲಿ ನಿಲ್ಲುದು ಸೇರಿ ಒಂಬತ್ತು ಗಂಟೆ, ಅಪ್ರಾಕ್ಸಿಮೇಟ್ಲಿ."

"ಅಂದಾಜು ಬೇಡ ಹೆಣ್ಣೇ. ಕೆಳಗೆ ಸಮುದ್ರ ಉಂಟಲ್ಲ?"

ಒಂಬತ್ತು ಗಂಟೆ ಕಳೆಯಿತು.

"ಲ್ಯಾಂಡ್ ಆಗಿರ್ತದೆ ದೊಡ್ಡಮ್ಮ, ಡೆಫಿನೆಟ್ಲಿ."

"ನೀನು ನೋಡಿದ್ದಾ?"

ತಲುಪಿದ ತಂತಿ ಬರಲಿಲ್ಲ. ಮರುದಿನವೂ ಇಲ್ಲ. ಜಗಲಿಯಲ್ಲಿ ಮಾವಿನೆಲೆ ಬಿದ್ದು ಮುದುಡಿತು. ದೊಡ್ಡಮ್ಮ ಕಸದ ನಡುವೆ ಬೆಕ್ಕಿನ ಹಾಗೆ ಕಾಲೆತ್ತಿ ನಡೆಯುತ್ತಿದ್ದರು. ಸೈಕಲ್ ಬೆಲ್ ಕೇಳಿದರೆ ಸೌಟು ಹಿಡಿದೇ ಗೇಟಿಗೆ ಓಡುತ್ತಿದ್ದರು. ಬೇಲಿಯಾಚೆಯ ಬ್ಯಾರಿ ಮನೆಯ ಉಮ್ಮ ಇಣುಕಿದರು.

"ಎಂತ ಅಕ್ಕ, ನಿಮ್ಮ ಹಿಡಿಸೂಡಿಗೆ ಜ್ವರವಾ?"

"ಮಗಳು ಇನ್ನೂ ಮೇಲೆ ಇದ್ದಾಳೆ ಮಾರಾಯ್ತಿ."

ಉಮ್ಮ ನಗಲಿಲ್ಲ. ಆ ದಿನ ತಮ್ಮ ಬದಿಯ ಬೇಲಿಯ ಬುಡವನ್ನೂ ಗುಡಿಸದೆ ಬಿಟ್ಟರು.

ಮೂರನೆಯ ದಿನ ತಂತಿ ಬಂತು: ರೀಚ್ಡ್ ಸೇಫ್ಲಿ. ದೊಡ್ಡಮ್ಮ ಎರಡು ಸಲ ಓದಿಸಿ ಕೇಳಿದರು. ಅಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, "ಕಾಲು ತೆಗಿ, ಆಚೆ ಹೋಗು" ಎಂದು ನನ್ನನ್ನು ಅಂಗಳಕ್ಕೆ ಅಟ್ಟಿದರು.

ಕೆಲವು ವರ್ಷಗಳ ನಂತರ ಅವರು ಹಾಸಿಗೆ ಹಿಡಿದರು. ಅಕ್ಕನಿಗೆ ತಂತಿ ಕೊಟ್ಟೆವು. ಹೊರಟಿದ್ದೇನೆಂದು ಉತ್ತರ ಬಂತು. ಓದಿ ಹೇಳಿದಾಗ ದೊಡ್ಡಮ್ಮ ಕೇಳಿದ್ದು ಇಷ್ಟೇ: "ಗುಡಿಸಲಿಲ್ಲ ಅಲ್ಲ?"

"ಇಲ್ಲ ದೊಡ್ಡಮ್ಮ."

ಮರುದಿನ ಬೆಳಿಗ್ಗೆ ಹೋಗಿಬಿಟ್ಟರು. ಅಕ್ಕ ಆಗ ಸಮುದ್ರದ ಮೇಲೆಲ್ಲೋ ಇದ್ದಿರಬೇಕು. ಕಾಯುವಂತಿರಲಿಲ್ಲ. ಶವ ಎತ್ತಿದ ಕೂಡಲೇ ಮನೆ ಗುಡಿಸಿ ತೊಳೆಯುವುದು ನಮ್ಮಲ್ಲಿ ಕ್ರಮ. ನೆಂಟರ ಹೆಂಗಸೊಬ್ಬರು ಹಿಡಿಸೂಡಿಯನ್ನು ನನ್ನ ಕೈಗೆ ತುರುಕಿದರು.

"ಎಂತ ನೋಡುದು? ಗುಡಿಸು."

"ಅಕ್ಕ ಇನ್ನೂ ಮೇಲೆ ಇದ್ದಾಳೆ" ಎಂದೆ. ಯಾರಿಗೂ ಅರ್ಥವಾಗಲಿಲ್ಲ. ಗೇಟಿನ ಬಳಿ ನಿಂತಿದ್ದ ಉಮ್ಮ ಒಳಗೆ ಬಂದು, ಹಿಡಿಸೂಡಿಯನ್ನು ನನ್ನ ಕೈಯಿಂದ ತೆಗೆದು ಬಾಗಿಲ ಹಿಂದೆ ಇಟ್ಟರು. "ಇರಲಿ. ಅವಳು ಇಳಿಯಲಿ."

ಮರುದಿನ ಮಧ್ಯಾಹ್ನ ಬಜಪೆ ವಿಮಾನ ನಿಲ್ದಾಣದಿಂದ ಒಬ್ಬಳೇ ಟ್ಯಾಕ್ಸಿ ಮಾಡಿಕೊಂಡು ಅಕ್ಕ ಬಂದಳು. ಗೇಟಿನಲ್ಲೇ ಚಪ್ಪಲಿ ಕಳಚಿದಳು. ಎಲೆ ತುಂಬಿದ ಜಗಲಿ ಕಂಡು ಅವಳ ಬಾಡಿದ ಮುಖ ಅರಳಿತು.

"ಅಬ್ಬ," ಎಂದಳು, "ಅಮ್ಮ ಕಾಯ್ತಾ ಇದ್ದಾರೆ."