ಅಡ್ಡ ನಿಲ್ಲುವುದೇ ಮಜರ್ ಕಸುಬು

ಶಿಡ್ಲಘಟ್ಟದಲ್ಲಿ ಬೆಳಕು ಹರಿಯುವ ಹೊತ್ತಿಗೆ ಊರಿನ ಗಡಿಬಿಡಿಯೆಲ್ಲ ಗೂಡಿನ ಮಾರುಕಟ್ಟೆಯ ಕಡೆಗೆ ಮುಖ ಮಾಡಿರುತ್ತದೆ. ಬೈಕಿನ ಹಿಂದೆ, ಟೆಂಪೊ ಮೇಲೆ, ಆಟೊದೊಳಗೆ ರೇಷ್ಮೆಗೂಡಿನ ಚೀಲಗಳು. ಅದಕ್ಕೆ ಬೆನ್ನು ಹಾಕಿ, ಕಾಲೇಜು ಮೈದಾನದ ಸಿಮೆಂಟಿನ ಅಂಕಣದಲ್ಲಿ ಆಳೆತ್ತರವನ್ನೂ ಮೀರಿದ ಒಬ್ಬ ಮನುಷ್ಯ ಓಡುತ್ತಿದ್ದಾರೆ. ಬಾಸ್ಕೆಟ್‌ಬಾಲ್ ಕಂಬದ ಬುಡದಿಂದ ಹೊರಡುತ್ತಾರೆ, ದಾಪುಗಾಲು ಹಾಕುತ್ತಾರೆ, ಯಾರೋ ಹಗ್ಗ ಹಿಡಿದು ಎಳೆದಂತೆ ಥಟ್ಟನೆ ನಿಲ್ಲುತ್ತಾರೆ. ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡು ಒಂದು ಉಸಿರಿನಷ್ಟು ಹೊತ್ತು ಅಲ್ಲಾಡುವುದಿಲ್ಲ. ಆಮೇಲೆ ಇನ್ನೊಂದು ಮೂಲೆಗೆ ಓಡಿ ಅಲ್ಲೂ ಅದೇ ರೀತಿ ನಿಲ್ಲುತ್ತಾರೆ. ಅವರ ಬಳಿ ಚೆಂಡು ಮಾತ್ರ ಇಲ್ಲ.

ನಾನು ಬಹಳ ಹೊತ್ತು ನೋಡುತ್ತಾ ಕೂತೆ. ಕೊನೆಗೆ ಅವರೇ ಬೆವರು ಒರೆಸಿಕೊಳ್ಳುತ್ತಾ ಹತ್ತಿರ ಬಂದರು.

"ಬಾಲ್ ಎಲ್ಲಿ ಅಂತ ತಾನೇ ಕೇಳ್ಬೇಕು ಅಂತಿದ್ದೀರ? ಎಲ್ರೂ ಅದೇ ಕೇಳ್ತಾರೆ ಮೇಡಂ. ನನ್ನ ಕೆಲಸದಲ್ಲಿ ಬಾಲು ಕಮ್ಮಿ."

ಇವರು ಮಜರ್. ವಯಸ್ಸು ಮೂವತ್ತಾರು. ಬಾಸ್ಕೆಟ್‌ಬಾಲ್ ಆಡಿ ಬದುಕುವುದು ಇವರ ವೃತ್ತಿ. ಆದರೆ ಇವರ ಹೆಸರು ಯಾವ ಪತ್ರಿಕೆಯ ಕ್ರೀಡಾಪುಟದಲ್ಲೂ ಬಂದಿಲ್ಲ. ಹದಿನೇಳು ವರ್ಷಗಳಲ್ಲಿ ಕೊಯಮತ್ತೂರು, ಪುಣೆ, ಕೋಟ್ಟಯಂ, ಹೈದರಾಬಾದ್, ಹೊಸೂರು ಎಂದು ಹನ್ನೊಂದು ತಂಡಗಳಿಗೆ ಆಡಿದ್ದಾರೆ. ಕೆಲವು ಕಡೆ ಒಂದು ಋತು, ಕೆಲವು ಕಡೆ ಒಂದೇ ಟೂರ್ನಿ. ಯಾರಿಗಾದರೂ ಗಾಯವಾದರೆ, ಎತ್ತರದ ಆಟಗಾರ ಸಿಗದಿದ್ದರೆ ಇವರಿಗೆ ಫೋನ್ ಬರುತ್ತದೆ. ಇಂಥವರನ್ನು ಅಂಕಣದಲ್ಲಿ ಗೆಸ್ಟ್ ಪ್ಲೇಯರ್ ಎನ್ನುತ್ತಾರೆ. ಕರೆದ ಊರಿಗೆ ಬೆಳಿಗ್ಗೆ ಇಳಿದು ಸಂಜೆಗೆ ಅವರ ತಂಡದವನಾಗಿಬಿಡಬೇಕು.

ಅದು ಹೇಗೆ ಸಾಧ್ಯ ಎಂದು ಕೇಳಿದೆ. "ದೊಡ್ಡ ವಿಷಯ ಏನಿಲ್ಲ. ಚೆನ್ನಾಗಿ ಶೂಟ್ ಮಾಡೋನು ಯಾರು ಅಂತ ನೋಡ್ತೀನಿ. ನಿಂಗೆ ಯಾವ ಕಡೆಯಿಂದ ಹೊಡೆಯೋಕೆ ಇಷ್ಟಪ್ಪಾ ಅಂತ ಅವನನ್ನೇ ಕೇಳಿಬಿಡ್ತೀನಿ. ಎಡಗಡೆ, ಬಲಗಡೆ, ಬಾ, ನಿಲ್ಲು, ಈ ನಾಲ್ಕು ಮಾತು ನಂಗೆ ಆರು ಭಾಷೆಲಿ ಬರುತ್ತೆ. ಬೈಗುಳನೂ ಬರುತ್ತೆ ಅನ್ನಿ, ಅದು ಕಲಿಸದೇ ಬರುತ್ತೆ."

ಇವರ ಕೆಲಸ ಇಷ್ಟೇ: ತನ್ನ ತಂಡದ ಒಳ್ಳೆಯ ಗುರಿಕಾರನನ್ನು ಎದುರಾಳಿ ಬೆನ್ನಟ್ಟಿ ಬರುವಾಗ, ಆ ಎದುರಾಳಿಯ ದಾರಿಯಲ್ಲಿ ಹೋಗಿ ನಿಂತುಕೊಳ್ಳುವುದು. ಆಟದ ಭಾಷೆಯಲ್ಲಿ ಅದಕ್ಕೆ ಸ್ಕ್ರೀನ್ ಎನ್ನುತ್ತಾರೆ. ಓಡಿ ಬಂದವನು ಎದೆಗೆ ಗುದ್ದುತ್ತಾನೆ. ಆ ಕ್ಷಣದಲ್ಲಿ ಗುರಿಕಾರನಿಗೆ ಜಾಗ ಸಿಗುತ್ತದೆ, ಚೆಂಡು ಬುಟ್ಟಿಯೊಳಗೆ ಬೀಳುತ್ತದೆ. ಅಡ್ಡ ನಿಂತವನು ಕಾಲು ಸ್ವಲ್ಪ ಜರುಗಿಸಿದರೂ ತಪ್ಪು, ಚೆಂಡು ಎದುರಾಳಿಗೆ. ಜರುಗಿಸದಿದ್ದರೆ ಚಪ್ಪಾಳೆ ಬುಟ್ಟಿಗೆ ಹಾಕಿದವನಿಗೆ.

ಮಜರ್ ಅವರ ಮನೆ ಪೇಟೆಯ ಒಳಗಿನ ಗಲ್ಲಿಯಲ್ಲಿದೆ. ಹಿಂಭಾಗದಲ್ಲಿ ನೂಲು ತೆಗೆಯುವ ಪುಟ್ಟ ಘಟಕ. ಬಿಸಿನೀರಿನಲ್ಲಿ ಬೆಂದ ಗೂಡಿನ ವಾಸನೆ ಬಾಗಿಲಿನಲ್ಲೇ ಎದುರುಗೊಳ್ಳುತ್ತದೆ. ತಾಯಿ ಅಜೀಜಾ ಈಗಲೂ ಬೆಳಿಗ್ಗೆ ಚರಕದ ಮುಂದೆ ಕೂರುತ್ತಾರೆ. ಮಗನೂ ಇದೇ ಕಸುಬು ಹಿಡಿಯಲಿ ಎಂದು ಮನೆಯವರಿಗೆ ಆಸೆ ಇತ್ತಂತೆ.

"ಎಲ್ಲಿ ಹಿಡಿಯೋದಮ್ಮ? ಚರಕದ ಮುಂದೆ ಕೂತ್ರೆ ಇವನ ಮೊಣಕಾಲು ಬಂದು ಗದ್ದಕ್ಕೆ ತಾಗೋದು" ಎಂದು ಅಜೀಜಾ ನಗುತ್ತಾರೆ. "ಒಂದು ದಿನ ಗಂಗುಲಪ್ಪ ಮೇಷ್ಟ್ರು ಬಂದ್ರು. ನಿಮ್ಮ ಹುಡುಗನ್ನ ಸಾಯಂಕಾಲ ನಂಗೆ ಕೊಡಿ ಅಂದ್ರು. ತಗೊಂಡು ಹೋಗಿ ಸಾಮಿ, ಮನೇಲಿದ್ರೆ ತಲೆಯೆಲ್ಲ ಬಾಗಿಲಿಗೆ ಹೊಡ್ಕೊಂತಾನೆ ಅಂದೆ."

ಗಂಗುಲಪ್ಪ ಆಗ ಹೈಸ್ಕೂಲಿನಲ್ಲಿ ಪಿಟಿ ಮೇಷ್ಟ್ರು. ಮಂಡಿಕಲ್ ಕಡೆಯವರು, ಈಗ ನಿವೃತ್ತರು. ಹುಡುಗ ಬುಟ್ಟಿಗೆ ಚೆಂಡು ಹಾಕುವುದರಲ್ಲಿ ಅಷ್ಟಕ್ಕಷ್ಟೇ ಎಂದು ಅವರಿಗೆ ಬೇಗ ಗೊತ್ತಾಯಿತು. ಆದರೆ ಯಾರು ಬಂದು ಗುದ್ದಿದರೂ ಹುಡುಗ ಕಣ್ಣು ಮುಚ್ಚುತ್ತಿರಲಿಲ್ಲ. "ಅದು ಕಲಿಸೋಕಾಗಲ್ಲ. ದೇವರು ಕೊಟ್ಟಿದ್ದು" ಎನ್ನುತ್ತಾರೆ ಮೇಷ್ಟ್ರು. ಅಲ್ಲಿಂದ ಕ್ರೀಡಾ ಹಾಸ್ಟೆಲ್, ಆಮೇಲೆ ಕೊಯಮತ್ತೂರಿನ ಒಂದು ಗಿರಣಿಯ ತಂಡ. ಮಜರ್ ಹತ್ತೊಂಬತ್ತಕ್ಕೇ ಊರು ಬಿಟ್ಟರು.

ನೆಲೆ ಸಿಗುವ ಅವಕಾಶ ಎರಡು ಸಲ ಬಂದು ಕೈತಪ್ಪಿತು. ಪುಣೆಯಲ್ಲಿ ಹೊಸ ಲೀಗ್ ಒಂದು ಶುರುವಾದಾಗ ಅಲ್ಲಿನ ತಂಡ ಇವರನ್ನು ಕರೆಯಿತು. ಬಣ್ಣದ ದೀಪ, ಸಂಗೀತ, ಬಸ್ಸಿನ ಮೇಲೆ ಆಟಗಾರರ ಚಿತ್ರ. ಅರ್ಧ ಪಂದ್ಯಗಳು ಮುಗಿದಿದ್ದವು, ಒಂದು ಮಧ್ಯಾಹ್ನ ಹೋಟೆಲಿನವರು ಬಂದು ಕೋಣೆ ಖಾಲಿ ಮಾಡಿ ಎಂದರು. ಮಾಲೀಕರು ಫೋನ್ ಎತ್ತಲಿಲ್ಲ. ಲೀಗ್ ನಿಂತಿದೆ ಎಂದು ಆಟಗಾರರಿಗೆ ತಿಳಿದದ್ದು ಹೋಟೆಲಿನ ಕಾವಲುಗಾರನಿಂದ.

ಇನ್ನೊಂದು ಸಲ ಸರ್ಕಾರಿ ಇಲಾಖೆಯೊಂದರಲ್ಲಿ ಕ್ರೀಡಾ ಕೋಟಾದ ನೌಕರಿಗೆ ಆಯ್ಕೆ ನಡೆಯಿತು. ಆಯ್ಕೆಗೆಂದು ಆಡಿಸಿದ ಮೂರು ಪಂದ್ಯಗಳಲ್ಲೂ ಮಜರ್ ಇದ್ದ ತಂಡವೇ ಗೆದ್ದಿತು. ಕೊನೆಯಲ್ಲಿ ಆಯ್ಕೆದಾರರೊಬ್ಬರು ಕೇಳಿದ ಪ್ರಶ್ನೆಯನ್ನು ಮಜರ್ ಇವತ್ತಿಗೂ ಅವರದೇ ದನಿಯಲ್ಲಿ ಹೇಳುತ್ತಾರೆ: "ನಿನ್ನ ಪಾಯಿಂಟ್ಸ್ ಎಲ್ಲಪ್ಪಾ?"

"ಏನು ಹೇಳ್ಲಿ? ನಂದು ಬೇರೆಯವರ ಪಾಯಿಂಟ್ಸ್‌ನಲ್ಲಿದೆ ಸಾರ್ ಅನ್ನೋಕಾಗುತ್ತಾ? ನಮಸ್ಕಾರ ಹೇಳಿ ಬಂದೆ. ಬಸ್ಸಲ್ಲಿ ಕೂತ್ಮೇಲೆ ಒಂದ್ಸಲ ಅಳು ಬಂತು ಮೇಡಂ, ಸುಳ್ಳೇಕೆ ಹೇಳ್ಲಿ. ಮುಂದಿನ ವಾರ ಕೋಟ್ಟಯಂನಿಂದ ಫೋನ್ ಬಂತು. ಹೊರಟೆ."

ನನಗೆ ಮಜರ್ ಬಗ್ಗೆ ಕುತೂಹಲ ಹುಟ್ಟಿಸಿದ್ದು ಮಾತ್ರ ಇದ್ಯಾವುದೂ ಅಲ್ಲ. ಕಳೆದ ಚಳಿಗಾಲದಲ್ಲಿ ಚಿಕ್ಕಬಳ್ಳಾಪುರದ ಕ್ರೀಡಾಂಗಣದಲ್ಲಿ ನಡೆದ ಒಂದು ಫೈನಲ್.

ಮೇಷ್ಟ್ರು ನಿವೃತ್ತರಾದ ಮೇಲೆ ಶಿಡ್ಲಘಟ್ಟದ ಹುಡುಗರನ್ನು ಸೇರಿಸಿ ಒಂದು ಕ್ಲಬ್ ಕಟ್ಟಿದ್ದರು. ದಿಬ್ಬೂರಹಳ್ಳಿಯ ನರೇಂದ್ರ ಅದರ ನಾಯಕ. ಮನೆಯವರದು ಹಿಪ್ಪುನೇರಳೆ ತೋಟ, ಈತ ಪೇಟೆಯಲ್ಲಿ ಬ್ಯಾಂಕಿನ ಗುಮಾಸ್ತ. ಈ ಹುಡುಗರು ಯಾರೂ ಎಣಿಸದ ಹಾಗೆ ಗೆಲ್ಲುತ್ತಾ ಗೆಲ್ಲುತ್ತಾ ಫೈನಲ್ ತಲುಪಿದರು. ಎದುರಿಗೆ ಹೊಸೂರಿನ ಕಾರ್ಖಾನೆಯೊಂದರ ತಂಡ. ಆ ವರ್ಷ ಮಜರ್ ಆಡುತ್ತಿದ್ದದ್ದು ಅದೇ ಹೊಸೂರಿಗೆ.

ಪಂದ್ಯದ ಹಿಂದಿನ ಸಂಜೆ ಕ್ಲಬ್ಬಿನ ಕಡೆಯ ಕೆಲವು ಹಿರಿಯರು ಮಜರ್ ಮನೆಗೆ ಬಂದರು. ಕಾಲು ನೋವು ಅಂತ ಹೇಳಿ ಒಂದು ದಿನ ಕೂತುಬಿಡಪ್ಪ, ಊರಿನ ಮರ್ಯಾದೆ ಎಂದರು.  ಉತ್ತರ ಕೊಟ್ಟದ್ದು ಚಹಾ ತಂದ ಮಜರ್ ಹೆಂಡತಿ ರೂಬಿ. ಖಾಸಗಿ ಶಾಲೆಯಲ್ಲಿ ಪಾಠ ಹೇಳುವ ರೂಬಿಗೆ ಮಾತು ನುಂಗುವ ಅಭ್ಯಾಸವಿಲ್ಲ.

"ಇಷ್ಟು ವರ್ಷ ಇವರು ಊರೂರು ಅಲೆದ್ರು. ನಮ್ಮೂರಿನ ಪರವಾಗಿ ಆಡು ಬಾ ಅಂತ ಒಬ್ರೂ ಕರೀಲಿಲ್ಲ. ಆಡಬೇಡ ಅನ್ನೋಕೆ ಮಾತ್ರ ಎಲ್ರೂ ಒಟ್ಟಿಗೆ ಬಂದಿದ್ದೀರಲ್ಲ" ಎಂದು ಕಪ್ಪುಗಳನ್ನು ಇಟ್ಟು ಒಳಗೆ ಹೋದರಂತೆ. ಚಹಾ ಯಾರೂ ಪೂರ್ತಿ ಕುಡಿಯಲಿಲ್ಲ.

ಮಜರ್‌ಗೆ ರೂಬಿಯ ಮಾತಿನಿಂದ ಧೈರ್ಯ ಬರಲಿಲ್ಲ, ಸಂಕಟ ಹೆಚ್ಚಾಯಿತು. ನೇರ ಮೇಷ್ಟ್ರ ಮನೆಗೆ ಹೋದರು. ಮೇಷ್ಟ್ರಿಗೆ ಇಷ್ಟು ವಯಸ್ಸಾಗಿತ್ತು, ಅವರ ಹುಡುಗರು ಇನ್ನೂ ಒಂದು ಕಪ್ಪೂ ಗೆದ್ದಿರಲಿಲ್ಲ. ನೀವು ಹೇಳಿದರೆ ಕೂರುತ್ತೇನೆ ಎಂದರು ಮಜರ್. ಮೇಷ್ಟ್ರು ಸಿಟ್ಟಾಗಿಬಿಟ್ಟರು.

"ಏನ್ರಾ ಮಜರೂ, ನಾನು ನಿಂಗೆ ಕಲಿಸಿದ್ದು ಕೂತ್ಕೊಳ್ಳೋಕಾ, ನಿಂತ್ಕೊಳ್ಳೋಕಾ? ನೀನು ಹೊರಗೆ ಕೂತು ನನ್ನ ಹುಡುಗ್ರು ಗೆದ್ರೆ ಆ ಕಪ್ಪನ್ನ ನಾನೆಲ್ಲಿ ಇಟ್ಕೊಳ್ಳಲಿ? ಹೋಗು, ಊಟ ಮಾಡಿ ಮಲಕ್ಕೋ."

ಮಾರನೆಯ ಸಂಜೆ ಅಜೀಜಾ ಮೊದಲ ಬಾರಿಗೆ ಮಗನ ಆಟ ನೋಡಲು ಹೋದರು. ಸುತ್ತಲೂ ಶಿಡ್ಲಘಟ್ಟದವರೇ. ಹೊಸೂರಿನವರು ತಪ್ಪಿದಾಗಲೆಲ್ಲ ಕೇಕೆ. ಆಟ ಮುಗಿಯಲು ಕೆಲವೇ ಸೆಕೆಂಡು ಇದ್ದಾಗ ಶಿಡ್ಲಘಟ್ಟದ ಹುಡುಗರು ಒಂದು ಅಂಕ ಮುಂದೆ. ಹೊಸೂರಿನ ಗುರಿಕಾರ ಮೂಲೆಯಿಂದ ಓಡಿ ಬಂದ, ಅವನ ಬೆನ್ನಿಗೇ ನರೇಂದ್ರ. ಮಜರ್ ಹೋಗಿ ನಿಂತರು. ನರೇಂದ್ರ ಅವರ ಎದೆಗೆ ಅಪ್ಪಳಿಸಿ ನೆಲಕ್ಕೆ ಬಿದ್ದ. ಚೆಂಡು ಬುಟ್ಟಿಯೊಳಗೆ. ಆಟ ಮುಗಿದ ಸೀಟಿ.

ಕಪ್ಪು ಹೊಸೂರಿಗೆ ಹೋಯಿತು. ಒಂದು ನೀರಿನ ಬಾಟಲಿ ಬಂದು ಮಜರ್ ಹೆಗಲಿಗೆ ಬಿತ್ತು. ಅವರು ನರೇಂದ್ರನನ್ನು ಎತ್ತಲು ಕೈ ಚಾಚಿದರು, ಅವನು ಕೈ ತಳ್ಳಿದ. ಅಂಕಣ ದಾಟಿ ಬಂದವರು ಗಂಗುಲಪ್ಪ ಒಬ್ಬರೇ. ಕಣ್ಣು ತುಂಬಿಕೊಂಡಿತ್ತು. "ಕಾಲು ಅಲ್ಲಾಡಿಸಲಿಲ್ಲ ನೋಡು" ಎಂದು ಅಷ್ಟೇ ಹೇಳಿ ತಮ್ಮ ಹುಡುಗರ ಕಡೆ ತಿರುಗಿ ಹೋದರು.

ಅಜೀಜಾರ ಅಭಿಪ್ರಾಯ ಬೇರೆ ಇತ್ತು. ಮನೆಗೆ ಬಂದ ಮಗನನ್ನು ಕೇಳಿದರಂತೆ: "ಅಲ್ಲಾ ಬೇಟಾ, ಬಾಲೇ ಮುಟ್ಟಲಿಲ್ಲ ನೀನು. ಬರೋರಿಗೆ ಹೋಗೋರಿಗೆಲ್ಲ ಅಡ್ಡ ನಿಂತೆ. ಇದಕ್ಕಾ ಅಷ್ಟು ದೂರದಿಂದ ಕರೆಸ್ತಾರೆ?" ಆ ರಾತ್ರಿ ಮನೆಯಲ್ಲಿ ನಕ್ಕದ್ದು ಅದೊಂದಕ್ಕೇ ಎನ್ನುತ್ತಾರೆ ರೂಬಿ.

ಆಮೇಲಿನ ದಿನಗಳು ಕಷ್ಟದವು. ಚಹಾ ಅಂಗಡಿಯಲ್ಲಿ ಅವರಿಗೆ ಹೊಸೂರಪ್ಪ ಎಂಬ ಹೆಸರು ಬಿತ್ತು. ಗೂಡಿನ ಮಾರುಕಟ್ಟೆಯಲ್ಲಿ ಅಜೀಜಾರಿಗೆ ಕೇಳುವ ಹಾಗೆ ಮಾತಾಡಿದವರಿದ್ದರು. ಅಷ್ಟರಲ್ಲಿ ಹೊಸೂರಿನ ಮ್ಯಾನೇಜರ್ ಫೋನ್ ಮಾಡಿದರು. ಮಜರ್ ಅವರ ಬಲ ಮೊಣಕಾಲು ಊದಿಕೊಳ್ಳುತ್ತಿರುವುದನ್ನು ಅವರು ಗಮನಿಸಿದ್ದರು. ಈ ಸಲ ಚಿಕ್ಕ ವಯಸ್ಸಿನವರನ್ನು ತೆಗೆದುಕೊಳ್ಳುತ್ತಿದ್ದೇವೆ ಎಂದರು. ಯಾವ ತಂಡಕ್ಕೋಸ್ಕರ ಊರಿನವರ ಮುನಿಸು ಕಟ್ಟಿಕೊಂಡಿದ್ದರೋ ಆ ತಂಡವೂ ಇಲ್ಲವಾಯಿತು.

"ಅವರ ಮೇಲೆ ಕೋಪ ಇಲ್ಲ. ನಮ್ಮ ಕಸುಬೇ ಹಂಗೆ, ಕರೆದಾಗ ಹೋಗೋದು, ಸಾಕು ಅಂದಾಗ ಬರೋದು. ಆದ್ರೆ ಆವತ್ತು ಬೂಟು ತೆಗೆದು ಅಟ್ಟಕ್ಕೆ ಹಾಕ್ಬಿಟ್ಟೆ. ಬೆಳಿಗ್ಗೆ ಎದ್ದು ಏನ್ ಮಾಡ್ಬೇಕು ಅಂತಾನೇ ಗೊತ್ತಾಗ್ತಿರಲಿಲ್ಲ. ಅಮ್ಮಿ ಜೊತೆ ನೀರು ಕಾಯಿಸ್ತಾ ಕೂತ್ಕೊಂತಿದ್ದೆ."

ಒಂದು ಮುಂಜಾನೆ ಬಾಗಿಲು ತಟ್ಟಿದ ಸದ್ದು. ತೆಗೆದರೆ ನರೇಂದ್ರ, ಬೂಟು ಹಾಕಿಕೊಂಡೇ ಬಂದಿದ್ದಾನೆ. ಕ್ಷಮೆ ಕೇಳಲಿಲ್ಲ, ಕುಶಲ ವಿಚಾರಿಸಲಿಲ್ಲ. "ಅಣ್ಣ, ಗ್ರೌಂಡಿಗೆ ಬನ್ನಿ. ಆವತ್ತು ನಿಂತ ಹಾಗೇ ಇನ್ನೊಂದ್ಸಲ ನಿಂತ್ಕೊಳ್ಳಿ. ನಾನು ಹೆಂಗೆ ಬಿದ್ದೆ ಅಂತ ಗೊತ್ತಾಗ್ಬೇಕು" ಎಂದ.

ಮಜರ್ ಅಟ್ಟ ಹತ್ತಿ ಬೂಟು ಇಳಿಸಿದರು. ಆ ಬೆಳಿಗ್ಗೆ ನರೇಂದ್ರ ಮತ್ತೆ ಮತ್ತೆ ಓಡಿ ಬಂದ, ಮತ್ತೆ ಮತ್ತೆ ಗುದ್ದಿದ. ಬಿದ್ದಾಗಲೆಲ್ಲ ಮಜರ್ ಹೇಳಿಕೊಟ್ಟರು: ನನ್ನ ಎದೆ ನೋಡಬೇಡ, ಸೊಂಟ ನೋಡು, ಪಕ್ಕಕ್ಕೆ ಭುಜ ತಿರುಗಿಸಿ ನುಸುಳು. ಬಿಸಿಲೇರುವ ಹೊತ್ತಿಗೆ ಒಂದು ಸಲ ದಾಟಿಯೇ ಬಿಟ್ಟ. ಇಬ್ಬರೂ ಕೂಗಿಕೊಂಡರಂತೆ. ಮರುದಿನ ಕ್ಲಬ್ಬಿನ ಇನ್ನೂ ಕೆಲವರು ಬಂದರು.

ಇಷ್ಟು ದಿನ ಇವರನ್ನು ಯಾಕೆ ಕರೆಯಲಿಲ್ಲ ಎಂದು ನರೇಂದ್ರನನ್ನು ಕೇಳಿದೆ. ಅವನು ತಲೆ ಕೆರೆದುಕೊಂಡ. "ದೊಡ್ಡ ದೊಡ್ಡ ಟೀಮಲ್ಲಿ ಆಡೋರು, ನಮ್ ಹತ್ರ ಎಲ್ಲಿ ಬರ್ತಾರೆ ಅಂದ್ಕೊಂಡಿದ್ವಿ ಮೇಡಂ. ನಾವು ಕರೀಲಿ ಅಂತ ಅವರು ಕಾಯ್ತಿದ್ರಂತೆ. ನಾವು ಅವರೇ ಬರ್ಲಿ ಅಂತ."

ಈ ಸಲ ಕರೆದಿದ್ದಾರೆ. ಹೋದ ತಿಂಗಳು ಚಿಂತಾಮಣಿಯಲ್ಲಿ ನಡೆದ ಟೂರ್ನಿಗೆ ಶಿಡ್ಲಘಟ್ಟದ ಹುಡುಗರ ಜೊತೆ ಖಾಸಗಿ ಬಸ್ಸಿನಲ್ಲಿ ನಾನೂ ಹೋಗಿದ್ದೆ. ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಮಜರ್ ಎರಡು ಪಂದ್ಯ ಆಡಿದರು. ಮೊದಲನೆಯದರಲ್ಲಿ ಅವರ ಮರೆಯಿಂದ ಹೊರಬಂದು ನರೇಂದ್ರ ಬುಟ್ಟಿ ತುಂಬಿಸಿದ, ಗೆದ್ದರು. ಸೆಮಿಫೈನಲ್‌ನಲ್ಲಿ ಗೌರಿಬಿದನೂರಿನವರ ಎದುರು ಸೋತರು. ಗಂಗುಲಪ್ಪನವರಿಗೆ ಇನ್ನೂ ಕಪ್ಪು ಸಿಕ್ಕಿಲ್ಲ.

ಮೊದಲ ಪಂದ್ಯಕ್ಕೆ ಮುಂಚೆ ನಾನು ಅಂಕ ಬರೆಯುವವರ ಮೇಜಿನ ಪಕ್ಕದಲ್ಲೇ ನಿಂತಿದ್ದೆ. ಮೇಜಿನವರು ತಲೆ ಎತ್ತದೆ ಕೇಳಿದರು: "ಹೆಸರು?"

"ಮಜರ್."

"ಗೆಸ್ಟಾ, ಲೋಕಲ್ಲಾ?"

  ಮಜರ್ ಸ್ವಲ್ಪ ಬಾಗಿ, ಅಕ್ಕಪಕ್ಕದವರಿಗೂ ಕೇಳುವ ಹಾಗೆ ಹೇಳಿದರು:

"ಲೋಕಲ್ಲು ಸಾರ್. ಶಿಡ್ಲಘಟ್ಟ."