ಪಾತ್ರೆ ಅಂಗಡಿ ರತ್ನಪ್ರಭಾ ತೀರಿಸಿಕೊಂಡ ಸೇಡು

ಜಾವಗಲ್‌ನಿಂದ ಹಗರೆಯವರೆಗೆ ಯಾರ ಮನೆಯಲ್ಲಿ ಮದುವೆಯಾಗಲಿ, ಗೃಹಪ್ರವೇಶವಾಗಲಿ, ಅನ್ನ ಬೇಯುವುದು ರತ್ನಪ್ರಭಾಳ ಕೊಪ್ಪರಿಗೆಯಲ್ಲಿ. ಹಳೇಬೀಡಿನಲ್ಲಿ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ ಅವಳದು. ಬಿಳಿ ಸೀರೆ, ಸೊಂಟದಲ್ಲಿ ಬೀಗದ ಕೈ ಗೊಂಚಲು, ಮೂಗಿನ ತುದಿಯಲ್ಲಿ ಕೋಪ. ಒಂದು ಸೌಟು ಸೊಟ್ಟಗಾಗಿ ವಾಪಸ್ ಬಂದರೂ ತಂದವನ ಜನ್ಮ ಜಾಲಾಡುತ್ತಿದ್ದಳು. ಅಂಗಡಿಯ ಅಟ್ಟದ ಮೇಲಿನ ಪಾತ್ರೆಗಳನ್ನು ಮಾತ್ರ ಎಲ್ಲರಿಗೂ ಕೊಡುತ್ತಿರಲಿಲ್ಲ. ಅವು ಈರುಳ್ಳಿ, ಬೆಳ್ಳುಳ್ಳಿ ಸೋಕದವು. ಬಸ್ತಿಹಳ್ಳಿಯ ಜೈನರ ಮನೆಗಳಿಗೆಂದೇ ಎತ್ತಿಟ್ಟವು.

ಈ ಅಂಗಡಿ ಅವಳು ಆಸೆಪಟ್ಟು ಇಟ್ಟದ್ದಲ್ಲ. ಗಂಡ ಧರಣೇಶ್ ತಲೆಯೊಳಗೆ ರಕ್ತನಾಳ ಒಡೆದು ಇದ್ದಕ್ಕಿದ್ದಂತೆ ತೀರಿಕೊಂಡ. ಮಕ್ಕಳಿರಲಿಲ್ಲ. ಕಣ್ಣೀರು ಆರುವ ಮೊದಲೇ ಮೈದುನ ಶ್ರೀಪಾಲ್ ನೆಂಟರನ್ನು ಸೇರಿಸಿ ಪಾಲಿನ ಮಾತೆತ್ತಿದ. ಅವನು ಇಂಗ್ಲಿಷ್ ಮೇಷ್ಟ್ರು. ಸಿಕ್ಕಿದ ಕಡೆಯೆಲ್ಲ ಪಾಠ ಮಾಡುವ ಚಟ ಅವನಿಗೆ. ಪಡಸಾಲೆಯಲ್ಲಿ ಹರವಿದ್ದ ಹಿತ್ತಾಳೆ ಪಾತ್ರೆಗಳನ್ನು ಕಂಡದ್ದೇ ತಡ, ಶುರುಮಾಡಿದ.

“ಇಂಗ್ಲಿಷ್‌ನಲ್ಲಿ ವೆಸೆಲ್ ಅನ್ನೋ ಪದ ಐತಲ್ಲ, ಭಾರಿ ಚೆಂದ ಕಣ್ರೀ. ಅನ್ನ ಮಾಡೋ ಪಾತ್ರೆನೂ ವೆಸೆಲ್ಲೇ, ಸಮುದ್ರದಾಗೆ ಹೋಗೋ ಹಡಗೂ ವೆಸೆಲ್ಲೇ. ನಮ್ಮಣ್ಣನ ತಲೇಲಿ ಒಡೀತಲ್ಲ, ಆ ನರಾನೂ ವೆಸೆಲ್ಲೇ. ಹಳೇ ಇಂಗ್ಲಿಷ್‌ನಾಗೆ ಹೆಂಗಸಿಗೂ ವೆಸೆಲ್ ಅಂತಾರೆ.” ಆಮೇಲೆ ಅತ್ತಿಗೆಯ ಕಡೆ ಕೈ ತೋರಿಸಿದ. “ನಮ್ಮತ್ತಿಗೆ ಖಾಲಿ ವೆಸೆಲ್. ಮಕ್ಕಳಿಲ್ಲದೋರಿಗೆ ತೆಂಗಿನ ತೋಟ ಯಾಕೆ? ಈ ಪಾತ್ರೆ ಪಡಗ ತಗೊಳ್ಳಲಿ.”

ಯಾರೋ ಕಿಸಕ್ಕನೆ ನಕ್ಕರು. ತೋಟ ಅವನ ಪಾಲಾಯಿತು, ಪಾತ್ರೆ ಇವಳ ಪಾಲಾಯಿತು. ಕೇರಿಯ ಮಕ್ಕಳ ಬಾಯಲ್ಲಿ ಅವಳು ವೆಸೆಲ್ಲಮ್ಮ ಆದಳು. ಇಂಗ್ಲಿಷ್ ಗಂಧವೇ ಇಲ್ಲದ ಹೆಂಗಸಿಗೆ ಆ ಒಂದು ಪದ ಮಾತ್ರ ಎದೆಯಲ್ಲಿ ಕೂತಿತು. ಅವೇ ಪಾತ್ರೆಗಳನ್ನು ಬಾಡಿಗೆಗೆ ಕೊಟ್ಟು ಬದುಕು ಕಟ್ಟಿಕೊಂಡಳು. ಕಾಲ ಕಳೆದಂತೆ ಎಲ್ಲ ಮರೆತಿರಬೇಕು ಅಂತ ಊರವರು ಅಂದುಕೊಂಡರು. ಊರವರಿಗೇನು ಗೊತ್ತು! ದಿನಾ ಪಾತ್ರೆ ಉಜ್ಜುವಾಗ ಅವಳು ಉಜ್ಜುತ್ತಿದ್ದದ್ದು ಶ್ರೀಪಾಲನ ಮುಖವನ್ನು.

ಹೋದ ವರ್ಷ ದಿಗಂಬರ ಮುನಿಗಳೊಬ್ಬರು ಊರೂರು ನಡೆಯುವ ವಿಹಾರದ ದಾರಿಯಲ್ಲಿ ಬಸ್ತಿಹಳ್ಳಿಯಲ್ಲಿ ತಂಗಿದರು. ಮುನಿಗಳಿಗೆ ದಿನಕ್ಕೆ ಒಂದೇ ಊಟ, ನೀರೂ ಆಗಲೇ. ಬಲಗೈಯನ್ನು ಹೆಗಲ ಮೇಲಿಟ್ಟು ಬೀದಿಯಲ್ಲಿ ಬರುತ್ತಾರೆ. ಊಟಕ್ಕೆ ಮುಂಚೆ ಆ ಕೈ ಇಳಿಸಿದರೆ ಆ ದಿನ ಉಪವಾಸವೇ. ಜೈನರು ಮನೆಮನೆಯಲ್ಲೂ ಅಡುಗೆ ಮಾಡಿ, ಕಲಶ ಹಿಡಿದು ಬಾಗಿಲಲ್ಲಿ ನಿಂತು ಕರೆಯುತ್ತಾರೆ. ಯಾರ ಮುಂದೆ ನಿಲ್ಲುತ್ತಾರೋ ಆ ಮನೆಯವರು ಪ್ರದಕ್ಷಿಣೆ ಬಂದು, ತಮ್ಮ ಮನಸ್ಸು, ಮಾತು, ಮೈ, ಅಡುಗೆ ಎಲ್ಲ ಶುದ್ಧವಾಗಿವೆ ಅಂತ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಮುನಿಗಳು ಹೊಸ್ತಿಲು ದಾಟುವುದಿಲ್ಲ.

ಹಿಂದಿನ ದಿನ ಶ್ರೀಪಾಲ್ ಅಂಗಡಿಗೆ ಬಂದ. “ಅತ್ತಿಗೆ, ನಾಳೆ ಮುನಿಗಳ ಅಡುಗೆಗೆ ಅಟ್ಟದ ಮೇಲಿನ ಪಾತ್ರೆ ಬೇಕಾಗಿತ್ತು.”

“ತಗೊಂಡು ಹೋಗಪ್ಪ. ಬಾಡಿಗೆ ಏನೂ ಬ್ಯಾಡ” ಅಂದಳು, ಬೆಣ್ಣೆಯಂಥ ದನಿಯಲ್ಲಿ.

ಅವನು ಹಿಗ್ಗಿ ಹೋದ. ಮುನಿಗಳು ನಿಂತರೆ ಅವನು ತನ್ನ ಮನಸ್ಸು, ಮಾತು ಶುದ್ಧ ಅಂತ ಎಲ್ಲರೆದುರು ಹೇಳಲೇಬೇಕಾಗುತ್ತಿತ್ತು. ಅದಕ್ಕೇ ಅವಳು ಪಾತ್ರೆ ಕೊಟ್ಟದ್ದು.

ಬೆಳಗ್ಗೆ ಕೇರಿಗೆ ಕೇರಿಯೇ ಮಡಿಯುಟ್ಟು ನಿಂತಿತ್ತು. ಬಸ್ತಿಹಳ್ಳಿಯಲ್ಲಿ ಅತ್ತಿಗೆ ಮೈದುನರ ಮನೆಗಳು ಎದುರುಬದುರು. ಮುನಿಗಳು ಶ್ರೀಪಾಲನ ಮುಂದೆ ನಿಂತರು. ಅವನೂ ಹೆಂಡತಿ ಇಂದುವೂ ಪ್ರದಕ್ಷಿಣೆ ಬಂದರು. ಅವನು ಗಂಟಲು ಸರಿಮಾಡಿಕೊಂಡ.

“ಮನಶುದ್ಧಿ, ವಚನಶುದ್ಧಿ…”

“ಸುಳ್ಳು!” ಎದುರು ಬಾಗಿಲಲ್ಲಿ ತಾನೂ ಕಲಶ ಹಿಡಿದು ನಿಂತಿದ್ದ ರತ್ನಪ್ರಭಾ ಕೂಗಿದಳು. “ಆ ಬಾಯಿ ಶುದ್ಧ ಇಲ್ಲ ಮಹಾರಾಜ್! ಗಂಡ ಸತ್ತ ಮನೇಲಿ, ನೆಂಟರ ಮುಂದೆ ನನ್ನ ಖಾಲಿ ವೆಸೆಲ್ ಅಂದ ಬಾಯಿ ಅದು. ಇವತ್ತಿನ ಗಂಟ ತಪ್ಪಾಯ್ತು ಅಂದಿಲ್ಲ. ಬೇಕಾದ್ರೆ ಕೇಳಿ.”

ಮುನಿಗಳು ಶ್ರೀಪಾಲನ ಕಡೆ ನೋಡಿದರು. ಊರಿಗೆಲ್ಲ ಪಾಠ ಹೇಳಿದವನು ಉಳಿದ ಮಾತು ಹೇಳದೆ ಕಲಶ ಕೆಳಗಿಟ್ಟ. ಮುನಿಗಳು ತಿರುಗಿದರು. ರತ್ನಪ್ರಭಾಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಇಷ್ಟು ವರ್ಷ ಇದಕ್ಕಾಗಿಯೇ ಬದುಕಿದ್ದೆ ಅನ್ನಿಸಿತು.

ಆದರೆ ಮುನಿಗಳು ಬೀದಿ ದಾಟಿ ನೇರ ಅವಳ ಬಾಗಿಲಿಗೇ ಬಂದು ನಿಂತರು.

“ನಿನ್ನ ಪುಣ್ಯ ಕಣಕ್ಕಾ, ಹೇಳು, ಹೇಳು” ಅಂತ ಹೆಂಗಸರು ಅವಸರಿಸಿದರು. ಅವಳು ಪ್ರದಕ್ಷಿಣೆ ಬಂದಳು. ಬಾಯಿ ತೆರೆದಳು. ಮೊದಲು ಹೇಳಬೇಕಾದದ್ದೇ ಮನಸ್ಸಿನ ಮಾತು. ಆ ಮನಸ್ಸು ಎದುರು ಮನೆಯವನ ಸೋತ ಮುಖ ನೋಡಿ ಇನ್ನೂ ಕುಣಿಯುತ್ತಿತ್ತು. ಸುಳ್ಳು ಹೇಳಬಹುದಿತ್ತು, ಅಡ್ಡ ಬರುವವರು ಯಾರೂ ಇರಲಿಲ್ಲ. ಆದರೆ ಹೇಳಿದರೆ ತನಗೂ ಅವನಿಗೂ ಏನು ವ್ಯತ್ಯಾಸ?

“ನನ್ನ ಮನಸ್ಸು ಶುದ್ಧ ಇಲ್ಲ ಮಹಾರಾಜ್” ಅಂದಳು.

ಮುನಿಗಳು ಹೆಗಲ ಮೇಲಿನ ಕೈ ಕೆಳಗಿಳಿಸಿದರು. ಆವತ್ತಿನ ಊಟದ ಮಾತು ಅಲ್ಲಿಗೆ ಮುಗಿಯಿತು. ಇನ್ನು ಮರುದಿನದವರೆಗೆ ಹನಿ ನೀರೂ ಇಲ್ಲ. ಯಾರ ಮೇಲೂ ಮುನಿಸಿಲ್ಲದ ಮುಖದಲ್ಲಿ, ಏರುತ್ತಿದ್ದ ಬಿಸಿಲಿನಲ್ಲಿ ಬಂದ ದಾರಿಗೆ ಮರಳಿದರು. ಶ್ರೀಪಾಲನ ಹೆಂಡತಿ ಸೆರಗು ಬಾಯಿಗೊತ್ತಿಕೊಂಡು ಅತ್ತಳು.

ಶ್ರೀಪಾಲ್ ಬೀದಿ ದಾಟಿ ಬಂದ. ತಲೆ ತಗ್ಗಿಸಿ ನಿಂತ.

“ತಪ್ಪಾಯ್ತು ಅತ್ತಿಗೆ.”

ಆ ಮಾತಿಗೆ ಅವಳು ಎಷ್ಟು ಕಾದಿದ್ದಳು! ಈಗ ಕೇಳಿದರೂ ಅವನ ಕಡೆ ತಿರುಗಲಿಲ್ಲ. ಬಸದಿಯ ಕಡೆ ದೂರವಾಗುತ್ತಿದ್ದ ಮುನಿಗಳ ಬರಿಮೈಯನ್ನು ನೋಡುತ್ತಲೇ ಹೇಳಿದಳು: “ಒಂದು ಗಳಿಗೆ ಮುಂಚೆ ಈ ಮಾತು ಅಂದಿದ್ರೆ, ಮಹಾರಾಜ್ರು ನಿನ್ನ ಮನೇಲಾದ್ರೂ ಉಣ್ಣೋರು, ನನ್ನ ಮನೇಲಾದ್ರೂ ಉಣ್ಣೋರು ಕಣೋ.”